ಓದಿಗೆ ಬಿಡುವು ಬೇಕಾದಾಗ: ಕಾಲೇಜಿನಲ್ಲಿಯೂ ಮನೆಯಲ್ಲಿಯೂ ಮಾಡಿಕೊಳ್ಳಬೇಕಾದ ಏರ್ಪಾಡು

ಮನಸ್ಸು ಸೋತು ಓದು ನಿಲ್ಲಿಸುವ ವಿದ್ಯಾರ್ಥಿಗಳು, ನಾನು ಕಂಡಂತೆ, ಯಾರಿಗೂ ಹೇಳದೆ ನಿಲ್ಲಿಸುತ್ತಾರೆ. ದೀಪಾವಳಿಗೆಂದು ಕಾರವಾರದ ಹಾಸ್ಟೆಲಿನಿಂದ ಊರಿಗೆ ಹೋದವರು ಮರಳಿ ಬರುವುದಿಲ್ಲ, ಫೋನ್ ಎತ್ತುವುದಿಲ್ಲ; ಹಾಜರಿ ಪುಸ್ತಕದಲ್ಲಿ ಗೈರುಗಳು ಬೆಳೆಯುತ್ತ ಹೋಗಿ, ಪರೀಕ್ಷೆಯ ಹಾಲ್ ಟಿಕೆಟ್ ತಡೆಹಿಡಿದಾಗಲೇ ಮನೆಯವರಿಗೆ ವಿಷಯ ತಿಳಿಯುತ್ತದೆ. ಪದವಿಯ ಎರಡನೆಯ ವರ್ಷದಲ್ಲಿ ನಾನೂ ಹೀಗೆಯೇ ಮಾಡಿದ್ದೆ. ವರ್ಷ ಹೋದದ್ದಕ್ಕಿಂತ, ಅದನ್ನು ಸರಿಪಡಿಸಿಕೊಳ್ಳಲು ಕಚೇರಿಯಿಂದ ಕಚೇರಿಗೆ ಅಲೆದದ್ದೇ ನನ್ನನ್ನು ಹೆಚ್ಚು ದಣಿಸಿತು. ಬಿಡುವು ತೆಗೆದುಕೊಳ್ಳುವುದು ತಪ್ಪಲ್ಲ. ಆದರೆ ಅದರ ಆರಂಭದ ದಿನಾಂಕವೂ ಮುಗಿಯುವ ದಿನಾಂಕವೂ ಬರಹದಲ್ಲಿರಬೇಕು.

ಮೊದಲು ವೈದ್ಯರನ್ನು ಕಾಣಬೇಕು. ನಿದ್ದೆ ಬಾರದಿರುವುದು, ಪುಸ್ತಕ ತೆರೆದರೆ ಎದೆ ಹೊಡೆದುಕೊಳ್ಳುವುದು, ವಾರಗಟ್ಟಲೆ ಯಾವುದರಲ್ಲಿಯೂ ಮನಸ್ಸು ನಿಲ್ಲದಿರುವುದು ಇವು ಸೋಮಾರಿತನದ ಲಕ್ಷಣಗಳಲ್ಲ. ಚಿಕಿತ್ಸೆ ಸಿಕ್ಕರೆ ಕೆಲವೊಮ್ಮೆ ಬಿಡುವಿನ ಅಗತ್ಯವೇ ಬೀಳುವುದಿಲ್ಲ. ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಘಟ್ಟದ ಮೇಲಿನವರು ತಮ್ಮ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ವಿಚಾರಿಸಬಹುದು. ದೂರ ಪ್ರಯಾಣ ಕಷ್ಟವಾದವರು 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್ ಸೇವೆಯ ಆಪ್ತಸಮಾಲೋಚಕರು ದಿನದ 24 ಗಂಟೆಯೂ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಬದುಕೇ ಬೇಡವೆನ್ನಿಸುತ್ತಿದ್ದರೆ ಈ ಬರಹದ ಉಳಿದ ಭಾಗವನ್ನು ಬದಿಗಿಟ್ಟು, ಮನೆಯ ಒಬ್ಬರಿಗೆ ತಿಳಿಸಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರ್ಜಿ, ಸಹಿ, ಮೊಹರುಗಳೆಲ್ಲ ಆಮೇಲೆ.

ವೈದ್ಯರಿಂದ ಪ್ರಮಾಣಪತ್ರ ಪಡೆಯುವಾಗ, ಇಂಥ ದಿನದಿಂದ ಇಂಥ ದಿನದವರೆಗೆ ವಿಶ್ರಾಂತಿ ಬೇಕೆಂದಷ್ಟೇ ಬರೆಯಲು ಸಾಧ್ಯವೇ ಎಂದು ಕೇಳಬಹುದು. ಕಾಯಿಲೆಯ ಹೆಸರು ಕಾಲೇಜಿನ ಗುಮಾಸ್ತರ ಮೇಜಿನ ಮೇಲೆ ಬಿದ್ದಿರಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ.

ಇನ್ನು ಹೆಚ್ಚಿನವರು ಎಡವುವುದು ಸೆಮಿಸ್ಟರಿನ ಲೆಕ್ಕದಲ್ಲಿ. ಆರು ತಿಂಗಳ ಬಿಡುವೆಂದು ಹೊರಟದ್ದು ನಮ್ಮಲ್ಲಿ ಸಾಮಾನ್ಯವಾಗಿ ಒಂದು ವರ್ಷವಾಗುತ್ತದೆ. ಏಕೆಂದರೆ ಮೂರನೆಯ ಸೆಮಿಸ್ಟರಿನ ತರಗತಿಗಳು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತವೆ, ಅದನ್ನು ನಡುವೆ ಬಿಟ್ಟವರು ಮುಂದಿನ ತಂಡ ಆ ಸೆಮಿಸ್ಟರಿಗೆ ಬರುವವರೆಗೆ ಕಾಯಬೇಕು. ಆದ್ದರಿಂದ ಬಿಡುವು ಕೇಳುವ ಮೊದಲು ಹಾಜರಾತಿಯನ್ನು ಎಣಿಸಿಕೊಳ್ಳುವುದು ಅಗತ್ಯ. ಪದವಿ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಶೇ. 75, ಎಂಜಿನಿಯರಿಂಗಿನಲ್ಲಿ ಶೇ. 85 ಹಾಜರಾತಿ ಬೇಕು. ಸೆಮಿಸ್ಟರ್ ಮುಗಿಯಲು ಮೂರು ನಾಲ್ಕು ವಾರಗಳಷ್ಟೇ ಉಳಿದಿದ್ದು, ಆರೋಗ್ಯ ಅಷ್ಟಕ್ಕೆ ಒಪ್ಪುವಂತಿದ್ದರೆ, ಹಾಜರಾತಿಯನ್ನು ಪೂರ್ತಿಗೊಳಿಸಿ ಪರೀಕ್ಷೆಯನ್ನಷ್ಟೇ ಬಿಡುವುದು ಮೇಲು. ಬಾಕಿ ಉಳಿದ ವಿಷಯಗಳನ್ನು ಮುಂದೆ ಬ್ಯಾಕ್‌ಲಾಗ್ ಆಗಿ ಬರೆಯಬಹುದು. ಸೆಮಿಸ್ಟರಿನ ಮೊದಲ ತಿಂಗಳಲ್ಲಿಯೇ ದಣಿವು ವಿಪರೀತವಾದರೆ ಎಳೆದಾಡದೆ ಆಗಲೇ ನಿಲ್ಲಿಸುವುದು ಸರಿ. ನಡುವಿನ ಸ್ಥಿತಿಯೇ ಕಷ್ಟದ್ದು, ಅದನ್ನು ವೈದ್ಯರೊಂದಿಗೆ ಮಾತನಾಡಿಯೇ ತೀರ್ಮಾನಿಸಬೇಕು.

ಲೆಕ್ಕ ಖಚಿತವಾದ ಮೇಲೆ ವಿಭಾಗದ ಮುಖ್ಯಸ್ಥರನ್ನು ಕಂಡು, ಅವರ ಮೂಲಕ ಪ್ರಾಂಶುಪಾಲರಿಗೆ ಅರ್ಜಿ ಸಲ್ಲಿಸಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಸೇರಿರುವುದರಿಂದ, ಮರುಪ್ರವೇಶದ ನಿಯಮ, ಶುಲ್ಕ ಮತ್ತು ಕೋರ್ಸ್ ಮುಗಿಸಲು ಇರುವ ಗರಿಷ್ಠ ಅವಧಿ ಯಾವುದೆಂಬುದನ್ನು ಕಚೇರಿಯಲ್ಲಿಯೇ ಕೇಳಿ ಬರೆದುಕೊಳ್ಳಬೇಕು. ಅರ್ಜಿಯ ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬಾರದು. ‘ಟಿ.ಸಿ. ತೆಗೆದುಕೊಂಡು ಹೋಗಿ, ಆಮೇಲೆ ನೋಡೋಣ’ ಎಂದು ಯಾರಾದರೂ ಸಲಹೆ ಕೊಟ್ಟರೆ ವಿನಯದಿಂದ ನಿರಾಕರಿಸಬೇಕು. ವರ್ಗಾವಣೆ ಪತ್ರ ಪಡೆದವರು ಬಿಡುವಿನಲ್ಲಿರುವವರಲ್ಲ, ಕಾಲೇಜು ಬಿಟ್ಟವರು. ನನಗೆ ಈ ಸಲಹೆ ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದರು.

ಪಠ್ಯಕ್ರಮದ ವಿಷಯವನ್ನೂ ಕೇಳಿಡಬೇಕು. ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂದು, 2024-25ರಿಂದ ಮತ್ತೆ ಮೂರು ವರ್ಷದ ಪದವಿಯ ಪಠ್ಯಕ್ರಮ ಜಾರಿಯಾಯಿತು. ಹೀಗೆ ಬದಲಾದ ಹೊತ್ತಿನಲ್ಲಿ ಬಿಡುವಿನಿಂದ ಮರಳಿದವರು ಕಿರಿಯರ ತಂಡದೊಂದಿಗೆ ಬೇರೆ ಪತ್ರಿಕೆಗಳನ್ನು ಓದಬೇಕಾಗಬಹುದು. ಪಾಸಾದ ಪತ್ರಿಕೆಗಳಿಗೆ ಸಿಗುವ ಕ್ರೆಡಿಟ್‌ಗಳನ್ನು ವಿದ್ಯಾರ್ಥಿಯ ಹೆಸರಿನಲ್ಲಿ ಆನ್‌ಲೈನ್ ಆಗಿ ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯಲ್ಲಿ ಜಮೆಯಾದವು ಗರಿಷ್ಠ 7 ವರ್ಷ ಉಳಿಯುತ್ತವೆ.

ಹಣದ ಮಾತು ಚಿಕ್ಕದು. ವಿದ್ಯಾರ್ಥಿವೇತನದ ನವೀಕರಣ ಮತ್ತು ಹಾಸ್ಟೆಲ್ ಸೀಟು ಬಿಡುವಿನ ವರ್ಷದಲ್ಲಿ ತಪ್ಪುವ ಸಂಭವವಿದೆ. ಶಿಕ್ಷಣ ಸಾಲ ಇದ್ದವರು ಬ್ಯಾಂಕಿಗೆ ಪತ್ರ ಕೊಡಲೇಬೇಕು, ಇಲ್ಲದಿದ್ದರೆ ಕೋರ್ಸ್ ಮೊದಲಿನ ದಿನಾಂಕಕ್ಕೇ ಮುಗಿಯಿತೆಂದು ಎಣಿಸಿ ಕಂತು ಶುರುವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ, ದೋಣಿಯ ದುಡಿಮೆಯನ್ನೇ ನಂಬಿದ ಮನೆಯವರು ಮರುಪ್ರವೇಶದ ಶುಲ್ಕವನ್ನು ಮೇ ತಿಂಗಳೊಳಗೇ ತೆಗೆದಿಡುವುದು ಒಳ್ಳೆಯದು.

ಮನೆಯಲ್ಲಿ ಹೇಗಿರಬೇಕೆಂಬುದು ಕಾಲೇಜಿನ ಕೆಲಸಕ್ಕಿಂತ ಸೂಕ್ಷ್ಮವಾದದ್ದು. ಶಿರಸಿ, ಸಿದ್ದಾಪುರದ ಕಡೆ ತೋಟವಿರುವ ಮನೆಗೆ ಮರಳಿದ ಮಗ ಅಥವಾ ಮಗಳನ್ನು ಅಡಿಕೆಯ ಕೊನೆಕೊಯ್ಲಿನ ಹೊತ್ತಿನಲ್ಲಿ ಯಾರೂ ಸುಮ್ಮನೆ ಕೂರಲು ಬಿಡುವುದಿಲ್ಲ. ದಿನಕ್ಕೆ ಎರಡು ಗಂಟೆಯ ಮೈಗೆಲಸ ಮನಸ್ಸಿಗೆ ಹಿತವೇ. ಆದರೆ ಆಳಿನ ಕೊರತೆ ತುಂಬುವುದೇ ಬಿಡುವಿನ ಉದ್ದೇಶವಾಗಬಾರದು. ಹೀಗಾಗಿ ಎಷ್ಟು ಹೊತ್ತು ಕೆಲಸ, ಯಾವ ದಿನ ಆಸ್ಪತ್ರೆ ಎಂಬುದನ್ನು ಆಯಿ ಅಪ್ಪನ ಜೊತೆ ಮೊದಲೇ ಮಾತನಾಡಿಕೊಳ್ಳಬೇಕು. ರಾತ್ರಿ ಅಡಿಕೆ ಸುಲಿಯಲು ನೆರೆಯವರು ಸೇರಿದಾಗ ‘ಕಾಲೇಜಿಲ್ಲವೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಆರೋಗ್ಯ ಸರಿಯಿರಲಿಲ್ಲ, ಬರುವ ವರ್ಷ ಮತ್ತೆ ಹೋಗುತ್ತೇನೆ’ ಎಂಬ ಒಂದೇ ಉತ್ತರವನ್ನು ಮನೆಯವರೆಲ್ಲರೂ ಕೊಟ್ಟರೆ ಕೇಳುವವರು ಎರಡು ದಿನಗಳಲ್ಲಿ ಸುಮ್ಮನಾಗುತ್ತಾರೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಹೋಗುವ ಹಳ್ಳಿಗಳವರು, ಶುಲ್ಕದ ಕೊನೆಯ ದಿನಾಂಕಗಳನ್ನು ತಿಳಿಸಲು ಪೇಟೆಯಲ್ಲಿರುವ ಒಬ್ಬ ಸಹಪಾಠಿಯನ್ನು ಒಪ್ಪಿಸಿಟ್ಟುಕೊಂಡಿರಬೇಕು.

ಮರಳುವ ದಿನಾಂಕಕ್ಕೆ ಎರಡು ತಿಂಗಳಿರುವಾಗ ವೈದ್ಯರನ್ನು ಮತ್ತೆ ಕಂಡು, ತರಗತಿಗೆ ಹೋಗಲು ಅಡ್ಡಿಯಿಲ್ಲವೆಂಬ ಪತ್ರ ಪಡೆದು, ಮರುಪ್ರವೇಶದ ಅರ್ಜಿಯನ್ನು ಹಳೆಯ ಸ್ವೀಕೃತಿ ಪ್ರತಿಯೊಂದಿಗೆ ಸಲ್ಲಿಸಬೇಕು. ಆದೇಶ ಕೈಗೆ ಬಂದ ವಾರದಲ್ಲಿಯೇ ಹಾಸ್ಟೆಲ್ ಸೀಟಿಗೂ ಬಸ್ ಪಾಸಿಗೂ ಅರ್ಜಿ ಹಾಕಿ, ತರಗತಿ ಶುರುವಾಗುವ ಮೊದಲೇ ಒಂದು ದಿನ ಕಾಲೇಜಿಗೆ ಹೋಗಿ, ಹೊಸ ತಂಡದ ಒಬ್ಬಿಬ್ಬರ ಪರಿಚಯ ಮಾಡಿಕೊಂಡು, ವೇಳಾಪಟ್ಟಿ ಬರೆದುಕೊಂಡು ಬರುವುದು ಉತ್ತಮ.