ಯಕ್ಷಗಾನದ ಫೋಟೋ: ಕೆಂಪು ಬಣ್ಣ ಹಾಳಾಗದಂತೆ ಎಡಿಟ್ ಮಾಡಿ

ಎಲ್ಲರಿಗೂ ನಮಸ್ಕಾರ. ಕಾಸರಗೋಡು, ಕುಂಬಳೆ ಕಡೆ ಯಕ್ಷಗಾನದ ಆಟದ ಫೋಟೋ ತೆಗೆದೇ ದುಡಿಯಬೇಕು ಅಂತಿರುವ ಹೊಸಬರಿಗೆ ಒಂದು ಮಾತು. ದಯವಿಟ್ಟು ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ. ಜೆಪೆಗ್‌ನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಹೊಳಪಿನ 256 ಹಂತ ಮಾತ್ರ. 14 ಬಿಟ್ ರಾದಲ್ಲಿ 16,384. ಕತ್ತಲಾದ ಭಾಗವನ್ನು ಎಡಿಟ್‌ನಲ್ಲಿ ಬೆಳಗಿಸಲು ಹೋದಾಗ ಈ ವ್ಯತ್ಯಾಸ ಗೊತ್ತಾಗುತ್ತದೆ.

ನಮ್ಮಲ್ಲಿ ದೊಡ್ಡ ತೊಂದರೆ ಕೆಂಪಿನದ್ದು. ಬಣ್ಣದ ವೇಷದ (ರಾಕ್ಷಸರಂಥ ಪಾತ್ರಗಳ ವೇಷ) ಮೇಲೆ ಕೆಂಪು ಎಲ್‌ಇಡಿ ಬೆಳಕು ಬಿದ್ದರೆ ಮುಖದ ಗೆರೆಗಳೆಲ್ಲ ಕಲಸಿಹೋಗುತ್ತವೆ, ಅಲ್ವಾ? ಹಾಗೆ ವಿವರವೇ ಉಳಿಯದಂತೆ ಸುಟ್ಟುಹೋದ ಕೆಂಪನ್ನು ಆಮೇಲೆ ಪೂರ್ತಿ ವಾಪಸ್ ತರಲು ಆಗುವುದಿಲ್ಲ. ಹಾಗಾಗಿ ಕ್ಯಾಮೆರಾದಲ್ಲಿ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಮ್‌ನಲ್ಲಿ ಕೆಂಪನ್ನು ಬೇರೆಯಾಗಿ ನೋಡಿ. ಬಲ ಅಂಚಿಗೆ ಒತ್ತಿಕೊಂಡಿದ್ದರೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ. ಮನೆಗೆ ಬಂದು ಮೊದಲು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವ ಹೊಂದಾಣಿಕೆ) ಸರಿಮಾಡಿ. ಆಮೇಲೆ ಕೆಂಪಿನ ಸ್ಯಾಚುರೇಶನ್ (ಗಾಢತೆ) ಮಾತ್ರ ತುಸು ತಗ್ಗಿಸಿ.

ಇನ್ನೊಂದು ವಿಷಯ. ಮುಖ ನುಣುಪು ಮಾಡುವ ಫಿಲ್ಟರ್ ಮುಟ್ಟಲೇಬೇಡಿ. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಗಂಟೆಗಟ್ಟಲೆ ಕೂತು ಮುಖಕ್ಕೆ ಇಟ್ಟ ಚುಟ್ಟಿ (ಉಬ್ಬು ಚುಕ್ಕಿಗಳ ಅಲಂಕಾರ) ಅದು. ಒಂದೊಂದು ಚುಕ್ಕಿಯೂ ಕಲಾವಿದರ ಕೈಕೆಲಸ. ಅದನ್ನು ಸುಮ್ನೆ ಒರೆಸಿಬಿಟ್ಟದ್ದು ಕಂಡರೆ ನನಗೆ ಸಂಕಟವಾಗುತ್ತದೆ. ವಾಟ್ಸಾಪ್‌ಗೆ ಕಳಿಸುವ ಪ್ರತಿಯನ್ನು ಎಲ್ಲ ಕಡೆ ಚಾಲ್ತಿಯಲ್ಲಿರುವ ಬಣ್ಣದ ಮಾದರಿಯಾದ ಎಸ್‌ಆರ್‌ಜಿಬಿಯಲ್ಲಿ ಉಳಿಸಿ, ಮೂಲ ಫೈಲ್ ಹಾಗೇ ಇಟ್ಟುಕೊಳ್ಳಿ.