ಸಂಗಾತಿಗೆ ಅಮೆರಿಕದ ವೀಸಾ: ಆದಾಯದ ಲೆಕ್ಕ ತೋರಿಸುವುದು ಹೇಗೆ?

ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಹೊಂದಿರುವ ಕನ್ನಡಿಗರು ಊರಿಗೆ ಬಂದು ಮದುವೆಯಾಗಿ, ಪತ್ನಿಯನ್ನೋ ಪತಿಯನ್ನೋ ಕರೆಸಿಕೊಳ್ಳಲು ಸಲ್ಲಿಸಿದ ಐ-130 ಅರ್ಜಿ ಮಂಜೂರಾದೊಡನೆ ಮುಖ್ಯ ಕೆಲಸ ಮುಗಿಯಿತೆಂದು ನಿರಾಳರಾಗುತ್ತಾರೆ. ಆದರೆ ಆ ಮಂಜೂರಾತಿಯಿಂದ ಗಂಡ-ಹೆಂಡಿರ ಸಂಬಂಧವಷ್ಟೇ ಒಪ್ಪಿತವಾಗುತ್ತದೆ. ಬರುವವರು ಸರ್ಕಾರದ ನೆರವಿಗೆ ಕೈಯೊಡ್ಡದಂತೆ ನೋಡಿಕೊಳ್ಳುವ ಶಕ್ತಿ ಕರೆಸುವವರಿಗೆ ಇದೆಯೇ ಎಂಬ ಪ್ರಶ್ನೆ ಆಮೇಲೆ ಬರುತ್ತದೆ. ಅದಕ್ಕೆ ಕೊಡಬೇಕಾದ ಉತ್ತರವೇ ಐ-864 ಎಂಬ ಅಫಿಡವಿಟ್. 1996ರ ಕಾನೂನಿನ ಪ್ರಕಾರ ರೂಪುಗೊಂಡು 1997ರ ಡಿಸೆಂಬರ್ 19ರಿಂದ ಜಾರಿಯಲ್ಲಿರುವ ಈ ಪತ್ರ ಕೋರ್ಟಿನಲ್ಲಿ ನಿಲ್ಲುವ ಕರಾರು. ಇದು ಕೇಳುವ ಆದಾಯದ ಮಿತಿ ಅಂಥ ದೊಡ್ಡದೇನಲ್ಲ. ಜನ ಎಡವುವುದು ಹೆಚ್ಚಾಗಿ ಮನೆಮಂದಿಯನ್ನು ಎಣಿಸುವಾಗ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ಮೊದಲು ತಲೆ ಎಣಿಸಿ

ಕರೆಸುವವರು ಒಬ್ಬರು, ಬರುವ ಸಂಗಾತಿ ಒಬ್ಬರು, ಅಲ್ಲಿಗೆ ಇಬ್ಬರು. ಇದಕ್ಕೆ ಪ್ರಾಪ್ತ ವಯಸ್ಸಿಗೆ ಬಾರದ ನಿಮ್ಮ ಮಕ್ಕಳನ್ನು ಸೇರಿಸಬೇಕು. ಹಿಂದಿನ ಮದುವೆಯ ಮಗು ತಾಯಿಯ ಮನೆಯಲ್ಲಿ ಬೆಳೆಯುತ್ತಿದ್ದರೂ ಅದು ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ತೆರಿಗೆ ಲೆಕ್ಕಪತ್ರದಲ್ಲಿ ಅವಲಂಬಿತರೆಂದು ತೋರಿಸಿದ ಪ್ರತಿಯೊಬ್ಬರೂ ಸೇರುತ್ತಾರೆ. ಹಾಗೆಯೇ, ನೀವು ಹಿಂದೆ ಇದೇ ಐ-864ಕ್ಕೆ ಸಹಿ ಹಾಕಿ ಯಾರನ್ನಾದರೂ ಕರೆಸಿಕೊಂಡಿದ್ದು, ಆ ಹೊಣೆ ಇನ್ನೂ ತೀರಿಲ್ಲದಿದ್ದರೆ ಅವರನ್ನೂ ಎಣಿಸಬೇಕು.

ನಮ್ಮವರು ಮರೆಯುವುದು ಈ ಕೊನೆಯ ಗುಂಪನ್ನೇ. ಪೌರತ್ವ ಸಿಕ್ಕ ಮೇಲೆ ತಾಯಿಗೆ ಗ್ರೀನ್ ಕಾರ್ಡ್ ಮಾಡಿಸಿದವರು, ಆಕೆ ಈಗ ತಮ್ಮನ ಮನೆಯಲ್ಲಿದ್ದಾರೆ ಎಂಬ ಕಾರಣಕ್ಕೆ ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ತಾಯಿ ಯಾರ ಮನೆಯಲ್ಲಿದ್ದರೂ ಕರಾರು ಸಹಿ ಮಾಡಿದವರದೇ. ಆಕೆ ಅಮೆರಿಕದ ಪೌರಳಾಗಿದ್ದರೆ ಅಥವಾ ಐ-407 ಅರ್ಜಿಯ ಮೂಲಕ ಗ್ರೀನ್ ಕಾರ್ಡನ್ನು ಹಿಂದಿರುಗಿಸಿ ಮೈಸೂರಿಗೆ ಮರಳಿದ್ದರೆ ಹೊಣೆ ತೀರಿತು. ಸುಮ್ಮನೆ ಊರಿಗೆ ಬಂದು ಕಾರ್ಡನ್ನು ಬೀರುವಿನಲ್ಲಿಟ್ಟುಕೊಂಡಿದ್ದರೆ ಅದು ತೀರಿತೆಂದು ಭಾವಿಸುವಂತಿಲ್ಲ.

ಮಿತಿಯನ್ನು ಗುರುತಿಸಿ

ಅಮೆರಿಕದ ಆರೋಗ್ಯ ಮತ್ತು ಮಾನವ ಸೇವೆಗಳ ಇಲಾಖೆ ಪ್ರತಿ ವರ್ಷ ಬಡತನದ ಮಾರ್ಗಸೂಚಿಯನ್ನು ಪ್ರಕಟಿಸುತ್ತದೆ. ಪ್ರಾಯೋಜಕರ, ಅಂದರೆ ಕರೆಸುವವರ, ವಾರ್ಷಿಕ ಆದಾಯ ಅದರ 125 ಶೇಕಡಾ ಇರಬೇಕು. ಸಕ್ರಿಯ ಸೇನಾ ಸೇವೆಯಲ್ಲಿದ್ದು ಸಂಗಾತಿಯನ್ನು ಕರೆಸುವವರಿಗೆ 100 ಶೇಕಡಾ ಸಾಕು. 2025ರ ಮಾರ್ಗಸೂಚಿಯ ಪ್ರಕಾರ 125 ಶೇಕಡಾ ಎಂದರೆ ಇಬ್ಬರ ಮನೆಗೆ 26,437 ಡಾಲರ್, ಮೂವರಿಗೆ 33,312, ನಾಲ್ವರಿಗೆ 40,187. ಅಲಾಸ್ಕ ಮತ್ತು ಹವಾಯಿಗೆ ಬೇರೆಯದೇ, ಹೆಚ್ಚಿನ ಮೊತ್ತಗಳಿವೆ. ಅರ್ಜಿ ತುಂಬುವ ವರ್ಷದ ಪಟ್ಟಿಯನ್ನು ಐ-864ಪಿ ಎಂಬ ಹಾಳೆಯಲ್ಲಿ ನೋಡಿಕೊಳ್ಳಬೇಕು. ಕಳೆದ ವರ್ಷ ಕರೆಸಿಕೊಂಡ ಸ್ನೇಹಿತರು ಹೇಳಿದ ಅಂಕಿಯನ್ನು ನಂಬಿ ಕೂರಬಾರದು.

ಆದಾಯಕ್ಕೆ ದಾಖಲೆ

ಅಧಿಕಾರಿಗಳು ಮುಖ್ಯವಾಗಿ ನೋಡುವುದು ಈಗಿನ ವಾರ್ಷಿಕ ಆದಾಯವನ್ನು. ಅದಕ್ಕೆ ಬೆನ್ನೆಲುಬಾಗಿ ಇತ್ತೀಚಿನ ವರ್ಷದ ಫೆಡರಲ್ ತೆರಿಗೆ ಲೆಕ್ಕಪತ್ರ ಕಡ್ಡಾಯ. ಮೂರು ವರ್ಷಗಳದ್ದನ್ನು ಕೊಡುವುದು ಐಚ್ಛಿಕ. ಲೆಕ್ಕಪತ್ರದ ಪ್ರತಿಗಿಂತ ತೆರಿಗೆ ಇಲಾಖೆಯಿಂದ ಉಚಿತವಾಗಿ ಸಿಗುವ, ಲೆಕ್ಕಪತ್ರದ ಸಾರಾಂಶವಾದ ಟ್ರಾನ್‌ಸ್ಕ್ರಿಪ್ಟ್ ಕೊಡುವುದು ಸುಲಭ. ಪ್ರತಿಯನ್ನೇ ಕೊಡುವುದಾದರೆ ಡಬ್ಲ್ಯೂ-2 (ಕಂಪನಿ ಕೊಡುವ ವಾರ್ಷಿಕ ಸಂಬಳದ ಪತ್ರ) ಮುಂತಾದ ಅಡಕಗಳೆಲ್ಲ ಜೊತೆಗಿರಬೇಕು. ಕಳೆದ ವರ್ಷ ಆದಾಯ ಕಡಿಮೆಯಿದ್ದು ಈಗ ಹೆಚ್ಚಾಗಿದ್ದರೆ, ಹುದ್ದೆ, ಸಂಬಳ ಮತ್ತು ಸೇರಿದ ದಿನಾಂಕವನ್ನು ನಮೂದಿಸಿದ ಕಂಪನಿಯ ಪತ್ರವನ್ನೂ ಆರು ತಿಂಗಳ ಪೇ ಸ್ಲಿಪ್‌ಗಳನ್ನೂ ಲಗತ್ತಿಸಬೇಕು. ಸ್ವಂತ ಉದ್ಯೋಗದವರು ಒಟ್ಟು ವಹಿವಾಟನ್ನು ಆದಾಯವೆಂದು ಬರೆಯುವಂತಿಲ್ಲ. ಖರ್ಚು ಕಳೆದು ಉಳಿದ ಲಾಭವಷ್ಟೇ ಲೆಕ್ಕಕ್ಕೆ ಬರುತ್ತದೆ. ತೆರಿಗೆ ಉಳಿಸಲು ಕಾರು, ಫೋನು, ಮನೆಯ ಕೋಣೆ ಎಲ್ಲವನ್ನೂ ಖರ್ಚಿಗೆ ಹಾಕಿದವರಿಗೆ ಆ ಜಾಣತನದ ಬೆಲೆ ಇಲ್ಲಿ ತಿಳಿಯುತ್ತದೆ.

ಇನ್ನೊಂದು ಸಣ್ಣ ಎಚ್ಚರಿಕೆ. ಡಿಸೆಂಬರ್ 31ರೊಳಗೆ ಮದುವೆಯಾದವರು ಆ ವರ್ಷದ ತೆರಿಗೆ ಲೆಕ್ಕವನ್ನು ಅವಿವಾಹಿತರೆಂದು ಸಲ್ಲಿಸುವಂತಿಲ್ಲ. ಸಂಗಾತಿ ಇನ್ನೂ ಹಾಸನದಲ್ಲಿದ್ದಾರೆ ಎಂಬುದು ಕಾರಣವಾಗದು. ಮದುವೆಯ ಪ್ರಮಾಣಪತ್ರ ಒಂದು ಹೇಳಿ ತೆರಿಗೆ ಪತ್ರ ಇನ್ನೊಂದು ಹೇಳಿದರೆ, ಆದಾಯ ಸಾಕಷ್ಟಿದ್ದರೂ ಸಂದರ್ಶನದಲ್ಲಿ ಅನಗತ್ಯ ಪ್ರಶ್ನೆಗಳು ಏಳಬಹುದು. ತಪ್ಪಾಗಿದ್ದರೆ ತಿದ್ದುಪಡಿ ಲೆಕ್ಕಪತ್ರ ಸಲ್ಲಿಸಿ ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು.

ಊರಿನಲ್ಲಿರುವ ಸಂಗಾತಿಯ ಸಂಬಳವನ್ನು ಕೂಡಿಸಬಹುದೇ ಎಂದು ಅನೇಕರು ಕೇಳುತ್ತಾರೆ. ಅಮೆರಿಕಕ್ಕೆ ಹೋದ ಮೇಲೂ ಅದೇ ಮೂಲದಿಂದ ಆದಾಯ ಮುಂದುವರಿಯುವುದಾದರೆ ಮಾತ್ರ ಅದಕ್ಕೆ ಅವಕಾಶವುಂಟು. ಬೆಂಗಳೂರಿನ ಕೆಲಸ ಬಿಟ್ಟು ಹೊರಡುವವರ ಸಂಬಳ ಎಷ್ಟೇ ದೊಡ್ಡದಿದ್ದರೂ ಪ್ರಯೋಜನವಿಲ್ಲ. ಅಲ್ಲಿ ಕೆಲಸ ಕೊಡುತ್ತೇವೆಂದು ಯಾವುದೋ ಕಂಪನಿ ಸಂಗಾತಿಗೆ ಬರೆದುಕೊಟ್ಟ ಪತ್ರವೂ ಈ ಮಿತಿಯನ್ನು ತುಂಬಲು ಬರುವುದಿಲ್ಲ.

ಕೊರತೆ ಬಿದ್ದರೆ ಆಸ್ತಿ

ಆದಾಯ ಸಾಲದಿದ್ದರೆ ಆಸ್ತಿಯನ್ನು ತೋರಿಸಬಹುದು. ಅಮೆರಿಕದ ಪೌರರು ಸಂಗಾತಿಯನ್ನು ಕರೆಸುವಾಗ ಕೊರತೆಯ ಮೂರು ಪಟ್ಟು, ಗ್ರೀನ್ ಕಾರ್ಡ್‌ದಾರರು ಕರೆಸುವಾಗ ಐದು ಪಟ್ಟು ಮೌಲ್ಯದ ಆಸ್ತಿ ಇರಬೇಕು. ಒಂದು ಉದಾಹರಣೆ: ಪ್ರಾಯೋಜಕರು, ಸಂಗಾತಿ ಮತ್ತು ಹಿಂದೆ ಕರೆಸಿಕೊಂಡ ತಾಯಿ ಸೇರಿ ಮನೆಮಂದಿ ಮೂವರು; ಆದಾಯ 29,000 ಡಾಲರ್. ಮಿತಿಗೆ 4,312 ಡಾಲರ್ ಕಡಿಮೆ. ಪೌರರಾದರೆ 12,936 ಡಾಲರ್, ಅಂದರೆ ಡಾಲರಿಗೆ 85 ರೂಪಾಯಿಯಂತೆ ಸುಮಾರು 11 ಲಕ್ಷ ರೂಪಾಯಿ ಆಸ್ತಿ ಸಾಕು. ಗ್ರೀನ್ ಕಾರ್ಡ್‌ದಾರರಾದರೆ 21,560 ಡಾಲರ್, ಸುಮಾರು 18 ಲಕ್ಷಕ್ಕೂ ಮೇಲ್ಪಟ್ಟು ಬೇಕು.

ಇಲ್ಲಿ ಬರುವ ಸಂಗಾತಿಯ ಆಸ್ತಿಯೂ ಲೆಕ್ಕಕ್ಕೆ ಬರುತ್ತದೆ ಎಂಬುದು ಅನುಕೂಲದ ಸಂಗತಿ. ಆದರೆ ಆ ಆಸ್ತಿ ಒಂದು ವರ್ಷದೊಳಗೆ ನಗದಾಗುವಂತಿರಬೇಕು ಮತ್ತು ಆ ಹಣವನ್ನು ಕಾನೂನುಬದ್ಧವಾಗಿ ದೇಶದಿಂದ ಹೊರಗೆ ಒಯ್ಯಲು ಸಾಧ್ಯವಿರಬೇಕು. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಭಾರತದ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳುಹಿಸಬಹುದಾದ್ದರಿಂದ ಸಾಮಾನ್ಯ ಮೊತ್ತಗಳಿಗೆ ಎರಡನೆಯ ಷರತ್ತು ತೊಡಕಾಗದು. ಮೊದಲನೆಯದೇ ಕಷ್ಟ. ಸಂಗಾತಿಯ ಹೆಸರಿನ ನಿಶ್ಚಿತ ಠೇವಣಿಯಾದರೆ ಬ್ಯಾಂಕಿನ ಪತ್ರ ಸಾಕು. ನಿವೇಶನ ಅಥವಾ ಫ್ಲ್ಯಾಟ್ ಆದರೆ ಕ್ರಯಪತ್ರ, ಖಾತೆ, ಋಣಭಾರ ಪತ್ರ ಮತ್ತು ಮೌಲ್ಯಮಾಪಕರ ವರದಿ ಬೇಕು, ಅದರ ಮೇಲಿನ ಸಾಲವನ್ನು ಕಳೆಯಬೇಕು. ಪಹಣಿಯಲ್ಲಿ ಅಜ್ಜನ ಹೆಸರೇ ಇರುವ, ಪಾಲಾಗದ ತೋಟವನ್ನು ನೆಚ್ಚಿಕೊಳ್ಳಬೇಡಿ. ಮದುವೆ ಮಾತುಕತೆಯಲ್ಲಿ ಅದಕ್ಕೆ ಎಷ್ಟು ತೂಕವಿತ್ತೋ ಏನೋ, ಕಾನ್ಸುಲರ್ ಅಧಿಕಾರಿಯ ಮುಂದೆ ಅದು ನಿಲ್ಲುವುದು ಕಷ್ಟ.

ಜಂಟಿ ಪ್ರಾಯೋಜಕರು

ಪ್ರಾಯೋಜಕರ ಮನೆಯಲ್ಲೇ ವಾಸವಿರುವ ತಂದೆ, ತಾಯಿ, ಸಹೋದರರು ಅಥವಾ ವಯಸ್ಕ ಮಕ್ಕಳ ಆದಾಯವನ್ನು ಐ-864ಎ ಕರಾರಿನ ಮೂಲಕ ಕೂಡಿಸಬಹುದು. ಅದೂ ಆಗದಿದ್ದರೆ ಜಂಟಿ ಪ್ರಾಯೋಜಕರನ್ನು ಹುಡುಕಬೇಕು. ಅವರು 18 ವರ್ಷ ತುಂಬಿದ, ಅಮೆರಿಕದಲ್ಲಿ ನೆಲೆಸಿರುವ ಪೌರರೋ ಗ್ರೀನ್ ಕಾರ್ಡ್‌ದಾರರೋ ಆಗಿದ್ದರೆ ಸಾಕು, ನೆಂಟರೇ ಆಗಬೇಕಿಲ್ಲ. ಆದರೆ ತಮ್ಮ ಮನೆಮಂದಿಗೆ ಬರುವವರನ್ನೂ ಸೇರಿಸಿ ಪೂರ್ತಿ 125 ಶೇಕಡಾ ಮಿತಿಯನ್ನು ಅವರೇ ಮುಟ್ಟಬೇಕು. ನಿಮ್ಮ ಅರ್ಧಕ್ಕೆ ಅವರ ಅರ್ಧ ಸೇರಿಸುವಂತಿಲ್ಲ. ಜಂಟಿ ಪ್ರಾಯೋಜಕರು ಸಿಕ್ಕರೂ, ನಿಮ್ಮ ಆದಾಯ ಸೊನ್ನೆಯೇ ಇದ್ದರೂ, ನಿಮ್ಮ ಐ-864 ಇರಲೇಬೇಕು.

ಕನ್ನಡ ಕೂಟದಲ್ಲಿ ಪರಿಚಯವಾದವರು ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಸಹಿ ಹಾಕುವುದುಂಟು. ಅವರಿಗೆ ಮುಂಚೆಯೇ ಹೇಳಿಬಿಡುವುದು ಧರ್ಮ: ಬಂದವರು ಪೌರತ್ವ ಪಡೆಯುವವರೆಗೆ, ಅಥವಾ ಸುಮಾರು ಹತ್ತು ವರ್ಷದ ದುಡಿಮೆಗೆ ಸಮನಾದ 40 ತ್ರೈಮಾಸಿಕಗಳು ಅವರ ಸಾಮಾಜಿಕ ಭದ್ರತೆ (ಸೋಷಿಯಲ್ ಸೆಕ್ಯುರಿಟಿ) ಖಾತೆಗೆ ಜಮೆಯಾಗುವವರೆಗೆ, ಅಥವಾ ವಾಸದ ಹಕ್ಕನ್ನು ಬಿಟ್ಟು ದೇಶದಿಂದ ಹೊರಹೋಗುವವರೆಗೆ, ಇಲ್ಲವೇ ಮರಣ ಹೊಂದುವವರೆಗೆ ಈ ಹೊಣೆ ಮುಂದುವರಿಯುತ್ತದೆ. ವಿಚ್ಛೇದನದಿಂದ ಅದು ಕಳಚುವುದಿಲ್ಲ. ಬಂದವರು ಸ್ವತಃ, ಅಥವಾ ಅವರಿಗೆ ಆದಾಯ ಆಧಾರಿತ ನೆರವು ಕೊಟ್ಟ ಸರ್ಕಾರಿ ಸಂಸ್ಥೆ, ಸಹಿ ಮಾಡಿದವರ ಮೇಲೆ ದಾವೆ ಹೂಡಬಹುದು.

ಬೆಂಗಳೂರಿನಲ್ಲೇ ಇರುವ ಪೌರರಿಗೆ

ಅಮೆರಿಕದ ಪಾಸ್‌ಪೋರ್ಟ್ ಇದ್ದು ವರ್ಷಗಳಿಂದ ಇಲ್ಲಿಯೇ ನೆಲೆಸಿದವರಿಗೆ ಆದಾಯಕ್ಕಿಂತ ಮೊದಲು ವಾಸದ ಪ್ರಶ್ನೆ ಎದುರಾಗುತ್ತದೆ. ಪ್ರಾಯೋಜಕರ ಕಾಯಂ ನೆಲೆ ಅಮೆರಿಕವಾಗಿರಬೇಕು, ಇಲ್ಲವೇ ಸಂಗಾತಿ ಅಲ್ಲಿಗೆ ಕಾಲಿಡುವ ಹೊತ್ತಿಗೆ ತಾವೂ ಅಲ್ಲಿ ನೆಲೆಗೊಳ್ಳುವುದನ್ನು ನಂಬಿಸಬೇಕು. ಅಲ್ಲಿನ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಮಕ್ಕಳ ಶಾಲಾ ದಾಖಲಾತಿ, ಕೆಲಸಕ್ಕೆ ಹಾಕಿದ ಅರ್ಜಿಗಳು ಇದಕ್ಕೆ ಪುರಾವೆಯಾಗುತ್ತವೆ. ವಿದೇಶದಲ್ಲಿ ದುಡಿದ ಪೌರರೂ ಅಮೆರಿಕದ ತೆರಿಗೆ ಲೆಕ್ಕ ಸಲ್ಲಿಸಬೇಕಾದ್ದರಿಂದ, ಬಾಕಿ ಉಳಿಸಿಕೊಂಡವರು ಮೊದಲು ಅದನ್ನು ತೀರಿಸಿಕೊಳ್ಳುವುದು ಒಳಿತು.

ಸಲ್ಲಿಕೆ ಮತ್ತು ಸಂದರ್ಶನ

ದಾಖಲೆಗಳೆಲ್ಲವನ್ನೂ, ಸಂದರ್ಶನಕ್ಕೆ ಮೊದಲು ಅವನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಕಚೇರಿಯಾದ ನ್ಯಾಷನಲ್ ವೀಸಾ ಸೆಂಟರ್‌ಗೆ ಆನ್‌ಲೈನಿನಲ್ಲೇ ಸಲ್ಲಿಸಬೇಕು. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಅಲ್ಲಿ ವೀಸಾ ಸೇವೆ ಆರಂಭವಾಗಿರಲಿಲ್ಲ. ಸಂಗಾತಿ ವೀಸಾದ ಸಂದರ್ಶನಕ್ಕೆ ಕರ್ನಾಟಕದವರು ಸಾಮಾನ್ಯವಾಗಿ ಹೋಗುತ್ತಿರುವುದು ಮುಂಬಯಿಗೆ. ಆನ್‌ಲೈನ್ ಸಲ್ಲಿಕೆಗೂ ಸಂದರ್ಶನಕ್ಕೂ ನಡುವೆ ತಿಂಗಳುಗಳು ಕಳೆದಿದ್ದರೆ ಹೊಸ ಪೇ ಸ್ಲಿಪ್‌ಗಳನ್ನೂ, ಈ ನಡುವೆ ಹೊಸ ತೆರಿಗೆ ವರ್ಷ ಮುಗಿದಿದ್ದರೆ ಅದರ ಟ್ರಾನ್‌ಸ್ಕ್ರಿಪ್ಟನ್ನೂ ಸಂಗಾತಿಗೆ ಕಳುಹಿಸಿಕೊಡಿ. ಕಾಗದ ಕಡಿಮೆಯಿದ್ದರೆ ಅಧಿಕಾರಿ 221(ಜಿ) ಎಂಬ ಚೀಟಿ ಕೊಡುತ್ತಾರೆ. ಅದರ ಮೇಲೆ ನಿರಾಕರಣೆ ಎಂಬ ಮಾತಿದ್ದರೂ ಗಾಬರಿಯಾಗಬೇಕಿಲ್ಲ. ಕೇಳಿದ ದಾಖಲೆಯನ್ನು ಒಂದು ವರ್ಷದೊಳಗೆ ಒದಗಿಸಿದರೆ ಅದೇ ಅರ್ಜಿ ಮುಂದುವರಿಯುತ್ತದೆ. ಸಂಗಾತಿ ಬಂದಿಳಿದ ಮೇಲೆ ಪ್ರಾಯೋಜಕರು ಮನೆ ಬದಲಿಸಿದರೆ, 30 ದಿನಗಳೊಳಗೆ ಐ-865 ಅರ್ಜಿಯಲ್ಲಿ ಹೊಸ ವಿಳಾಸವನ್ನು ತಿಳಿಸಬೇಕು. ಜಂಟಿ ಪ್ರಾಯೋಜಕರಿಗೂ ಈ ನಿಯಮ ಅನ್ವಯಿಸುತ್ತದೆ.