ಕೂಸು ಹಾಲು ಬಿಟ್ಟರೆ ಕಾಯಬೇಡಿ: ಎಳೆಗೂಸಿನ ನಂಜಿಗೆ ಚಿಕಿತ್ಸೆ ಕೊಡಿಸುವುದು ಹೇಗೆ?

ತಂಗಿಯ ಮಗುವಿಗೆ ಆಗ ಒಂಬತ್ತು ದಿನ. ಅವತ್ತು ಬೆಳಿಗ್ಗೆಯಿಂದ ಅಳಲೇ ಇಲ್ಲ. ನೋಡಲು ಬಂದವರೆಲ್ಲ ‘ಎಷ್ಟು ಸಾಧು ಮಗು’ ಅಂದರು. ಮಧ್ಯಾಹ್ನ ಹಾಲಿಗೆ ಹಾಕಿದರೆ ಎರಡು ಸಲ ಚೀಪಿ ಬಾಯಿ ಸಡಿಲ ಬಿಟ್ಟಿತು. ಹಾಲು ತುಟಿಯಂಚಿನಿಂದ ಕೆನ್ನೆಗೆ ಇಳಿಯಿತು. ‘ಜ್ವರ ಇಲ್ವಲ್ಲ, ಸಂಜೆವರೆಗೆ ನೋಡೋಣ’ ಎಂದು ನಾವು ಅನ್ನುವಷ್ಟರಲ್ಲಿ, ಬಾಣಂತನಕ್ಕೆ ಬಂದಿದ್ದ ದೊಡ್ಡಮ್ಮ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಆಸ್ಪತ್ರೆಗೆ ಹೋದಾಗ ಗೊತ್ತಾಯಿತು, ರಕ್ತದಲ್ಲಿ ನಂಜು, ಅಂದರೆ ಬ್ಯಾಕ್ಟೀರಿಯಾ ಸೋಂಕು.

ಎಳೆಗೂಸಿನ ಸೋಂಕು ಸದ್ದು ಮಾಡುವುದಿಲ್ಲ. ದೊಡ್ಡವರಿಗೆ ಜ್ವರ ಸುಡುತ್ತದೆ. ಕೂಸಿನ ಮೈ ತಣ್ಣಗಾಗುವುದೂ ಉಂಟು. ಅದಕ್ಕೇ ಮೊದಲು ನೋಡಬೇಕಾದ್ದು ಹಾಲು. ನಿನ್ನೆವರೆಗೆ ಚೆನ್ನಾಗಿ ಕುಡಿಯುತ್ತಿದ್ದ ಮಗು ಇವತ್ತು ಚೀಪುತ್ತಿಲ್ಲ, ಎಬ್ಬಿಸಿದರೂ ಏಳುತ್ತಿಲ್ಲ ಅಂದರೆ ಅಷ್ಟೇ ಸಾಕು, ಹೊರಡಿ.

ಉಸಿರು ಎಣಿಸಿ, ಮೈ ಮುಟ್ಟಿ

ಮಗು ಸುಮ್ಮನೆ ಮಲಗಿದ್ದಾಗ ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಕೂಸಿನ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸಿ. ಆಗಲೂ ಅಷ್ಟೇ ಇದ್ದರೆ ಅಪಾಯ. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು, ನರಳುವುದು, ಕೈಕಾಲು ಸೆಟೆಯುವುದು ಕೂಡ ಅಪಾಯವೇ. ಹೊಕ್ಕುಳ ಸುತ್ತ ಕೆಂಪಾಗಿದೆಯಾ, ಕೀವು ಇದೆಯಾ ನೋಡಿ. ಅಂಗಾಲು, ಅಂಗೈ ಹಳದಿಯಾಗಿದ್ದರೂ ತಡ ಮಾಡಬೇಡಿ.

ಥರ್ಮಾಮೀಟರನ್ನು ಕಂಕುಳಲ್ಲಿ ಇಡಿ. 37.5 ಡಿಗ್ರಿ ಸೆಲ್ಸಿಯಸ್ (99.5 ಫ್ಯಾರನ್‌ಹೀಟ್) ದಾಟಿದರೆ ಅಥವಾ 35.5ಕ್ಕಿಂತ (95.9 ಫ್ಯಾರನ್‌ಹೀಟ್) ಕೆಳಗಿಳಿದರೆ ಆಸ್ಪತ್ರೆಗೆ ಹೋಗಲೇಬೇಕು.

ಇದೆಲ್ಲ ಡಾಕ್ಟರಿಗೆ ಮಾತ್ರ ತಿಳಿಯುವ ವಿದ್ಯೆ ಅಲ್ಲ. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ಇದನ್ನು ಕಲಿಸಿದರು. ಆ ಹೆಂಗಸರು ಮನೆಮನೆಗೆ ಹೋಗಿ ನಂಜು ಗುರುತಿಸಿ ಔಷಧಿ ಕೊಟ್ಟರು, ಎಳೆಗೂಸುಗಳ ಸಾವು ಅರ್ಧಕ್ಕಿಂತ ಕಡಿಮೆಯಾಯಿತು. 1999ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಇವತ್ತು ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರುವುದರ ಹಿಂದೆ ಆ ಕೆಲಸವಿದೆ. ಅವರು ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ. ಒಳಗೆ ಕರೆದು ಮಗುವನ್ನು ತೋರಿಸಿ.

ಹೊರಡುವಾಗ

108ಕ್ಕೆ ಫೋನ್ ಮಾಡಿ. ತಾಯಿ ಕಾರ್ಡ್ ಮತ್ತು ಹೆರಿಗೆಯ ಕಾಗದಗಳನ್ನು ಚೀಲಕ್ಕೆ ಹಾಕಿಕೊಳ್ಳಿ. ಮಗುವಿಗೆ ಟೊಪ್ಪಿ ಹಾಕಿ, ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇಟ್ಟು ಮೇಲೆ ಹೊದಿಸಿ. ದಾರಿಯಲ್ಲಿ ಮೈ ತಣ್ಣಗಾದರೆ ಕಾಯಿಲೆ ಇನ್ನೂ ಜೋರಾಗುತ್ತದೆ. ಕುಡಿಯುವಷ್ಟು ಶಕ್ತಿ ಇದ್ದರೆ ಎದೆಹಾಲು ಕೊಡಿ. ಬೇರೇನೂ ಬೇಡ. ಬಜೆ ತೇಯ್ದು ನೆಕ್ಕಿಸುವುದು, ಹೊಕ್ಕುಳಿಗೆ ಅರಿಶಿನ, ಹರಳೆಣ್ಣೆ ಹಚ್ಚುವುದು ಬೇಡ. ಮೆಡಿಕಲ್ ಸ್ಟೋರಿನಿಂದ ಸಿರಪ್ ತಂದು ಹಾಕುವುದಂತೂ ಬೇಡವೇ ಬೇಡ.

ಜಿಲ್ಲಾಸ್ಪತ್ರೆಯಲ್ಲಿ ಎಳೆಗೂಸುಗಳಿಗೆಂದೇ ವಿಶೇಷ ಆರೈಕೆ ಘಟಕ ಇರುತ್ತದೆ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಔಷಧಿ, ಪರೀಕ್ಷೆ, ಓಡಾಟ ಎಲ್ಲ ಉಚಿತ. ದುಡ್ಡು ಹೊಂದಿಸಿಕೊಂಡು ನಾಳೆ ಹೋಗೋಣ ಅನ್ನಬೇಡಿ.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ?

ಮೊದಲು ರಕ್ತ ತೆಗೆಯುತ್ತಾರೆ. ‘ಇಷ್ಟು ಪುಟ್ಟ ಮೈಯಿಂದ ರಕ್ತ ಯಾಕೆ’ ಎಂದು ಹೊಟ್ಟೆ ಉರಿಯುತ್ತದೆ, ನಿಜ. ಆದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಬ್ಲಡ್ ಕಲ್ಚರ್‌ಗೆ ಸುಮಾರು ಒಂದು ಎಂಎಲ್ ಸಾಕು. ಆಂಟಿಬಯೋಟಿಕ್ ಮೈಗೆ ಸೇರಿದ ಮೇಲೆ ರಕ್ತ ತೆಗೆದರೆ ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ಬೆಳೆಯದೇ ಹೋಗಬಹುದು. ಆಗ ಶತ್ರು ಯಾರೆಂದೇ ತಿಳಿಯುವುದಿಲ್ಲ.

ರಿಪೋರ್ಟ್ ಬರಲು ಎರಡು ಮೂರು ದಿನ ಬೇಕು. ಅಲ್ಲಿವರೆಗೆ ಕಾಯುವುದಿಲ್ಲ, ಔಷಧಿ ಆಗಲೇ ಶುರು. ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಜೋಡಿ ಮೊದಲಿಂದಲೂ ಬಳಕೆಯಲ್ಲಿದೆ. ಎರಡೂ ಸೇರಿ ಹಲವು ಬಗೆಯ ಬ್ಯಾಕ್ಟೀರಿಯಾಗಳನ್ನು ಹಿಡಿಯುತ್ತವೆ. ಆದರೆ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಹಲವು ಔಷಧಿಗಳಿಗೆ ಬಗ್ಗುತ್ತಿಲ್ಲ. ಹಾಗಾಗಿ ಡಾಕ್ಟರು ಬೇರೆ ಔಷಧಿಯಿಂದ ಶುರು ಮಾಡಬಹುದು, ರಿಪೋರ್ಟ್ ನೋಡಿ ಬದಲಿಸಲೂಬಹುದು. ‘ಯಾಕೆ ಬದಲಾಯ್ತು’ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಪ್ರಮಾಣ ನಿಂತಿರುವುದು ಮಗುವಿನ ತೂಕ, ವಯಸ್ಸಿನ ಮೇಲೆ. ಜೆಂಟಾಮೈಸಿನ್ ಹೆಚ್ಚಾದರೆ ಕಿವಿ, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಪಕ್ಕದ ಮನೆ ಮಗುವಿನ ಚೀಟಿ ಇಲ್ಲಿ ನಡೆಯುವುದಿಲ್ಲ.

ಎಷ್ಟು ದಿನ?

ನಮ್ಮ ಮಗುವಿನ ಕೈಗೆ ಸೂಜಿ ಅಲುಗದಂತೆ ರಟ್ಟಿನ ತುಂಡು ಕಟ್ಟಿದ್ದರು. ಮೂರನೇ ದಿನ ಹಾಲು ಚೀಪತೊಡಗಿತು. ‘ಇನ್ನೇನು, ಮನೆಗೆ ಹೋಗೋಣ’ ಎಂದು ನಾನೇ ಹಟ ಹಿಡಿದೆ. ಆ ತಪ್ಪು ನೀವು ಮಾಡಬೇಡಿ. ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ್ದರೆ ಸಾಮಾನ್ಯವಾಗಿ 7ರಿಂದ 10 ದಿನ ಇಂಜೆಕ್ಷನ್ ಬೇಕು. ಸೋಂಕು ಮಿದುಳಿನ ಪೊರೆಗೆ ಹರಡಿದ್ದರೆ 14ರಿಂದ 21 ದಿನ. ಅದನ್ನು ತಿಳಿಯಲು ಬೆನ್ನಿನಿಂದ ನೀರು ತೆಗೆಯಬೇಕಾಗಬಹುದು. ಹೆದರಿ ಬೇಡ ಅನ್ನಬೇಡಿ.

ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಮಗುವೂ ಚುರುಕಾಗಿದ್ದರೆ ಎರಡು ಮೂರು ದಿನದಲ್ಲೇ ಔಷಧಿ ನಿಲ್ಲಿಸುವುದುಂಟು. ‘ಇನ್ನೂ ನಾಲ್ಕು ದಿನ ಇರಲಿ’ ಎಂದು ಒತ್ತಾಯಿಸಬೇಡಿ. ಬೇಡದ ಆಂಟಿಬಯೋಟಿಕ್ ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ.

ಅಷ್ಟು ದಿನವೂ ತಾಯಿ ಹಾಲು ಹಿಂಡಿ ಕೊಡುತ್ತಿರಲಿ. ಮಗುವನ್ನು ಮುಟ್ಟುವ ಮುಂಚೆ ಪ್ರತಿ ಸಲ ಕೈ ತೊಳೆಯಿರಿ, ಬಳೆ ಉಂಗುರ ತೆಗೆದಿಟ್ಟು.

ಬಿಡುಗಡೆಯಾಗುವಾಗ ಯಾವ ಬ್ಯಾಕ್ಟೀರಿಯಾ, ಯಾವ ಔಷಧಿ, ಎಷ್ಟು ದಿನ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಕಿವಿಯ ಪರೀಕ್ಷೆ ಯಾವಾಗ ಎಂದು ಕೇಳಿ. ಮನೆಗೆ ಬಂದ ಮೇಲೆ ಮಗು ಮತ್ತೆ ಹಾಲು ಬಿಟ್ಟರೆ, ರಾತ್ರಿ ಎರಡು ಗಂಟೆಯಾಗಿದ್ದರೂ ಸರಿ, ಬೆಳಗಾಗಲಿ ಅನ್ನಬೇಡಿ.